ಮೂವತ್ತಕ್ಕಿಂತ ಕೆಳಗೆ

ನಾಟಕ ಶುರುವಾಗಲು ಹತ್ತು ನಿಮಿಷವಿದೆ ಎನ್ನುವಾಗ ರಂಗದ ದೀಪಗಳನ್ನು ನಡೆಸುವ ಟ್ಯಾಬ್‌ನ ಪರದೆಯ ಮೇಲೆ ಒಂದು ಚೌಕ ಮೂಡಿತು: ‘ಹೊಸ ಸಾಫ್ಟ್‌ವೇರ್ ಸಿದ್ಧವಾಗಿದೆ. ಒಂಬತ್ತು ನಿಮಿಷದಲ್ಲಿ ತಾನಾಗಿಯೇ ಇನ್‌ಸ್ಟಾಲ್ ಆಗಲಿದೆ.’ ಲೈಟಮ್ಮ ರೂಢಿಯಂತೆ ‘ಆಮೇಲೆ’ ಒತ್ತಲು ಬೆರಳು ಚಾಚಿದಳು. ಹನ್ನೊಂದು ದಿನದಿಂದ ಓದದೆಯೇ ಒತ್ತುತ್ತ ಬಂದಿದ್ದಳು. ಇವತ್ತು ಆ ಗುಂಡಿಯೇ ಇರಲಿಲ್ಲ.

“ಅಯ್ಯಯ್ಯೋ, ಅತ್ತೆ! ಇದು ಕೇಳೋದನ್ನೇ ಬಿಟ್ಟಿದೆ. ಒಂಬತ್ತೇ ನಿಮಿಷ ಅಂತೆ!”

ನಾಟಕ ತಂಡದಲ್ಲಿ ದೀಪಗಳ ಉಸ್ತುವಾರಿ ಸೊಸೆಯದು, ಅದಕ್ಕೇ ಎಲ್ಲರಿಗೂ ಅವಳು ಲೈಟಮ್ಮ; ಉಡುಪುಗಳದು ಅತ್ತೆಯದು. ಸಭಾಂಗಣದ ಮೇಲಿನ ದೀಪದ ಕೋಣೆಯ ಮೂಲೆಯಲ್ಲಿ ಕೂತು ನಾಟಕದ ಹಡಗಿನವನ ಕೋಟಿಗೆ ಗುಂಡಿ ಹಚ್ಚುತ್ತಿದ್ದ ಅತ್ತೆ ದಾರವನ್ನು ಹಲ್ಲಲ್ಲಿ ಕಚ್ಚಿ ಹರಿದರು. “ವೈಫೈ ಆರಿಸಿಬಿಡು.”

“ದೀಪಕ್ಕೂ ಇದಕ್ಕೂ ಮಾತುಕತೆ ನಡೆಯೋದೇ ಆ ವೈಫೈನಲ್ಲಿ. ಇದು ಅರ್ಧ ಗಂಟೆ ಮಲಗಿದ್ರೆ ಇಪ್ಪತ್ತೆರಡು ದೀಪಾನೂ ಮಲಗುತ್ತೆ.” ಅವಳಿಗೆ ಅಳುವೇ ಬಂತು. ಕೊನೆಯ ದೃಶ್ಯ ಅವಳ ಮಗಳದು. ಎಂಟು ವರ್ಷ, ಬಣ್ಣ ಹಚ್ಚುತ್ತಿರುವುದು ಇದೇ ಮೊದಲು. ಬಚ್ಚಲಿಗೂ ದೀಪ ಹಾಕಿಸಿಕೊಂಡೇ ಹೋಗುವ ಹುಡುಗಿ ಕತ್ತಲಲ್ಲಿ ಏಣಿಮೆಟ್ಟಿಲು ಹತ್ತಿ ನಿಲ್ಲಬೇಕು. ಆಗ ಮುಖದ ಮೇಲೆ ಬೆಳಕು ಬೀಳಬೇಕು. ಬೆಳಿಗ್ಗೆಯಷ್ಟೇ ಅಮ್ಮನ ಕೈಯಿಂದ ಭಾಷೆ ತೆಗೆದುಕೊಂಡಿದ್ದಳು: “ನೀನು ಲೈಟ್ ಬಿಟ್ಟರೇನೇ ನಾನು ಮಾತಾಡೋದು. ಕತ್ತಲಲ್ಲಿ ನಂಗೆ ಬಾಯೇ ಬರಲ್ಲಮ್ಮ.”

ಅತ್ತೆ ಕನ್ನಡಕ ಏರಿಸಿಕೊಂಡು ಬಂದರು. ಮಾತ್ರೆಯ ಡಬ್ಬಿಯೊಳಗಿನ ಚೀಟಿಯನ್ನೂ ಕೊನೆಯವರೆಗೆ ಓದುವ ಹೆಂಗಸು ಅವರು. ಚೌಕದ ತಳದಲ್ಲಿ ಇರುವೆಸಾಲಿನಂತಿದ್ದ ಅಕ್ಷರಗಳಿಗೆ ಮೂಗು ತಾಗಿಸಿ ಓದಿದರು: “‘ಬ್ಯಾಟರಿ ಶೇಕಡಾ ಮೂವತ್ತಕ್ಕಿಂತ ಕಡಿಮೆ ಇದ್ದಲ್ಲಿ ಇನ್‌ಸ್ಟಾಲ್ ಆಗುವುದಿಲ್ಲ.’ ಈಗ ಎಷ್ಟಿದೆ?”

“ಮೂವತ್ತೈದು.”

“ಹಾಗಾದ್ರೆ ಕೀಳು ಆ ವೈರನ್ನ! ಇವತ್ತು ಇದಕ್ಕೆ ಉಪವಾಸ.”

ದಿನವೂ ಕೂಸಿಗೆ ಉಣಿಸುವಂತೆ ಚಾರ್ಜ್ ಮಾಡುತ್ತಿದ್ದವಳು ಸರಕ್ಕನೆ ವೈರು ಕಿತ್ತಳು. ಪರದೆಯ ಬೆಳಕು ಏರಿಸಿದಳು, ಟಾರ್ಚ್ ಹಚ್ಚಿದಳು, ಬೆಕ್ಕಿನ ಮರಿಗಳ ವಿಡಿಯೋ ಓಡಿಸಿದಳು. ಹಳೆಯ ಬ್ಯಾಟರಿ ಇಳಿಯತೊಡಗಿತು. ಮೂವತ್ನಾಲ್ಕು, ಮೂವತ್ತೆರಡು. “ಇಳಿಯೋ ಮಾರಾಯ, ಇಳಿ!” ಎಂದು ಅತ್ತೆ ಕೋಟಿನ ತೋಳು ಬೀಸಿದರು. ಕೆಳಗೆ ಮೊದಲ ಗಂಟೆ ಹೊಡೆಯಿತು. ಒಂದು ನಿಮಿಷ ಉಳಿದಿತ್ತು, ಬ್ಯಾಟರಿ ಮೂವತ್ತರಲ್ಲೇ ಪಟ್ಟು ಹಿಡಿದು ಕೂತಿತ್ತು. ಇಪ್ಪತ್ತೊಂಬತ್ತು! ‘ಬ್ಯಾಟರಿ ಸಾಲದು. ಇನ್‌ಸ್ಟಾಲ್ ಮುಂದೂಡಲಾಗಿದೆ.’ ಅತ್ತೆ ಸೊಸೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಸದ್ದಿಲ್ಲದೆ ಕುಣಿದರು. ಅಷ್ಟರಲ್ಲಿ ಕೆಳಗೆ ರಂಗದ ಪರದೆ ಸರಿಯಿತು.

ಆಮೇಲಿನ ಒಂದೂಕಾಲು ಗಂಟೆ ಎರಡು ನಾಟಕ ನಡೆದವು, ಒಂದು ಕೆಳಗೆ, ಒಂದು ಮೇಲೆ. ಬ್ಯಾಟರಿ ಎಂಟಕ್ಕೆ ಇಳಿದರೆ ಜೀವ ಹೋಗುತ್ತದೆಂದು ವೈರು ಚುಚ್ಚುವುದು, ಇಪ್ಪತ್ತೇಳಕ್ಕೆ ಏರಿದರೆ ಜೀವ ತೆಗೆಯುತ್ತದೆಂದು ಕೀಳುವುದು. ದೀಪ ಏರಿಸಿ ಇಳಿಸುವ ಕೆಲಸ ಸೊಸೆಯ ಬೆರಳಿನದು, ವೈರಿನ ಕೆಲಸ ಅತ್ತೆಯದು. “ಇಪ್ಪತ್ತಾರು, ಅತ್ತೆ!” “ನೋಡ್ತಿದ್ದೀನಿ, ನೀನು ನಿನ್ನ ದೀಪ ನೋಡು!” ಮದುವೆಯಾಗಿ ಹತ್ತು ವರ್ಷದಲ್ಲಿ ಇಬ್ಬರೂ ಇಷ್ಟು ಹೊತ್ತು ಜಗಳವಿಲ್ಲದೆ ಒಂದೇ ಕೋಣೆಯಲ್ಲಿ ಇದ್ದದ್ದಿಲ್ಲ.

ಕೊನೆಯ ದೃಶ್ಯ ಬಂತು. ವೇದಿಕೆ ಕತ್ತಲಾಯಿತು. ಏಣಿಮೆಟ್ಟಿಲ ಮೇಲೆ ಪುಟ್ಟ ಹೆಜ್ಜೆಗಳ ಸದ್ದು. ಲೈಟಮ್ಮ ಬೆರಳು ಒತ್ತಿದಳು. ಬೆಳಕಿನ ವೃತ್ತದೊಳಗೆ ಮಗಳ ಮುಖ ಅರಳಿತು. ಕಡಲಿಗೆ ಹೋಗಿ ಬಾರದ ಅಪ್ಪನಿಗಾಗಿ ಕಾದು ನಿಂತ ಹುಡುಗಿ ಮಾತು ಶುರುಮಾಡಿದಳು. ಅಜ್ಜಿ ಕೋಣೆಯ ಕಿಟಕಿಯ ಗಾಜಿಗೆ ಹಣೆ ಹಚ್ಚಿ, ಕೈಮುಗಿದು, ಮೊಮ್ಮಗಳ ಒಂದೊಂದು ಮಾತನ್ನೂ ತುಟಿಯಲ್ಲೇ ಹೇಳುತ್ತ ನಿಂತರು. ವೈರು ಚುಚ್ಚಿಕೊಂಡೇ ಇತ್ತು.

‘ಬ್ಯಾಟರಿ ಶೇಕಡಾ 30. ಒಂದು ನಿಮಿಷದಲ್ಲಿ ಇನ್‌ಸ್ಟಾಲ್ ಆರಂಭ.’

“ಅತ್ತೆ, ವೈರು!” ಅತ್ತೆ ಕಿತ್ತರು. ಮೂವತ್ತು ಮೂವತ್ತಾಗಿಯೇ ಉಳಿಯಿತು. ಮಗಳ ಮಾತು ತಾಲೀಮಿನಲ್ಲಿ ಐವತ್ತು ಸೆಕೆಂಡ್. ಇವತ್ತು ಚಪ್ಪಾಳೆ ಬಿದ್ದಲ್ಲೆಲ್ಲ ನಿಂತು ನಿಂತು, ದೊಡ್ಡ ನಟಿಯ ಹಾಗೆ ಕತ್ತು ಹೊರಳಿಸಿ ಹೊರಳಿಸಿ ಹೇಳುತ್ತಿದ್ದಾಳೆ! “ಬೇಗ ಹೇಳೇ, ನನ್ನಮ್ಮ, ಬೇಗ!” ಎಂದು ಲೈಟಮ್ಮ ಗಾಜಿನ ಈಚೆಯಿಂದಲೇ ಬೇಡಿಕೊಂಡಳು. ಇನ್ನು ಒಂದೇ ಒಂದು ಸಾಲು ಇತ್ತು. ಟ್ಯಾಬ್ ಕಪ್ಪಾಯಿತು. ಇಪ್ಪತ್ತೆರಡು ದೀಪಗಳೂ ಒಟ್ಟಿಗೆ ಆರಿದವು.

ಸಭಾಂಗಣದಲ್ಲಿ ಒಂದು ಕೆಮ್ಮೂ ಇಲ್ಲ. ಲೈಟಮ್ಮ ಬಾಗಿಲಿನ ಕಡೆಗೆ ಓಡಿದಳು, ಎಡವಿದಳು, ಕತ್ತಲಲ್ಲಿ ಮೆಟ್ಟಿಲ ಮೇಲೆ ಒಬ್ಬಳೇ ಇದ್ದಾಳೆ ಮಗು, ಈಗ ಅಮ್ಮಾ ಎಂದು ಕೂಗುತ್ತಾಳೆ ಎಂದುಕೊಂಡಳು. ಕೂಗು ಬರಲಿಲ್ಲ. ಒಂದು ಉಸಿರು ಎಳೆದುಕೊಂಡ ಸದ್ದು ಬಂತು. ಆಮೇಲೆ ಸಾವಕಾಶವಾಗಿ, ಕೊನೆಯ ಸಾಲಿನವರೆಗೂ ಕೇಳುವಂತೆ: “ಅಪ್ಪಾ, ಬಾಗಿಲು ತೆಗೆದೇ ಇದೆ. ಒಳಗೆ ಬಾ.”

ಸಭಾಂಗಣ ಚಪ್ಪಾಳೆಯಿಂದ ಮೊಳಗಿತು. ಕೋಣೆಯ ಕತ್ತಲಲ್ಲಿ ಟ್ಯಾಬ್ ಮಾತ್ರ ಮತ್ತೆ ಬೆಳಗಿ, ‘ಇನ್‌ಸ್ಟಾಲ್ ಆಗುತ್ತಿದೆ: ಶೇಕಡಾ 1’ ಎಂದು ತೋರಿಸುತ್ತಿತ್ತು. ಆ ಬೆಳಕಲ್ಲಿ ಅತ್ತೆ ಕಿತ್ತ ವೈರನ್ನು ಕೈಯಲ್ಲೇ ಹಿಡಿದು ನಿಂತಿದ್ದರು.

“ನೋಡೇ ಇವಳನ್ನ,” ಎಂದರು, ಕಣ್ಣೊರೆಸಿಕೊಳ್ಳುತ್ತ. “ಯಾವಾಗ ಬೆಳೆದಳೋ ಏನೋ. ನಮ್ಮನ್ನ ಒಂದು ಮಾತೂ ಕೇಳಲಿಲ್ಲ.”