ಶುಕ್ರವಾರದ ಮಾರಮ್ಮ

“ಮಾತ್ರೆ ನುಂಗೋರ ಮೈಮೇಲೆ ಅವ್ವ ಬತ್ತಾಳಾ?” ಎಂದು ಅತ್ತೆ ಗೋಡೆಯನ್ನು ಕೇಳಿದಳು.

ಸೊಸೆಯ ಎದೆ ಇದ್ದಕ್ಕಿದ್ದಂತೆ ನಾಗಾಲೋಟಕ್ಕೆ ಬಿದ್ದು ಮೈ ತೂಗಾಡಿದಾಗಲೆಲ್ಲ ಆ ಮನೆಗೆ ಮಾರಮ್ಮ ಬಂದಂತೆ. ಆಗ ಕಾಲಿಗೆ ಬಿದ್ದು ‘ತಾಯಿ’ ಎನ್ನುವ ಅತ್ತೆ, ಅವ್ವ ಇಳಿದ ಮರುಗಳಿಗೆಯೇ ‘ದರಿದ್ರದೋಳೇ, ಮುಸುರೆ ತಿಕ್ಕು’ ಎನ್ನುವಳು. ಭಕ್ತರು ತಂದ ಸೀರೆ, ಬಾಳೆಗೊನೆ ಮಾತ್ರ ಅತ್ತೆಯ ಪಾಲು.

“ಹೃದಯದ ಮೇಲಿನ ಕೋಣೆಗಳು ಅಂಕೆ ಮೀರಿ ಬಡ್ಕೊಳ್ತಿವೆ. ಮಾತ್ರೆ ತಪ್ಪಿಸಿದ್ರೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೀಬಹುದು” ಎಂದು ಡಾಕ್ಟರು ಎಚ್ಚರಿಸಿದ್ದರು. ಅತ್ತೆ ಆ ಮಾತ್ರೆಗಳನ್ನು ತನ್ನ ಟ್ರಂಕಿಗೆ ಹಾಕಿ ಬೀಗ ಜಡಿದಳು.

ಶುಕ್ರವಾರ ಭಕ್ತರೆಲ್ಲ ಕೂತಿರುವಾಗ ಸೊಸೆ ಮುಡಿ ಬಿಚ್ಚಿ ತೂಗಾಡಿದಳು. “ಈ ಮಗಳ ಮಾತ್ರೆ ಬಚ್ಚಿಟ್ಟಿದ್ದೀಯೇನೇ? ಈಗ್ಲೇ ತಂದು ಇವಳ ಕೈಗೆ ಕೊಡು!”

ಅತ್ತೆ ಟ್ರಂಕಿನ ಬೀಗ ತೆಗೆದು ತಂದುಕೊಟ್ಟು ಕಾಲಿಗೆ ಬಿದ್ದಳು. “ತಪ್ಪಾಯ್ತು ತಾಯಿ. ಆದ್ರೆ ಇವಳಿಗೆ ವಾಸಿಯಾದ ಮ್ಯಾಲೂ ನೀನು ಬರಬೇಕು. ಬತ್ತೀನಿ ಅನ್ನವ್ವ!”

ಸೊಸೆ ಮಾತ್ರೆಗಳನ್ನು ಎದೆಗೆ ಒತ್ತಿಕೊಂಡಳು. ಅಂದು ಬೆಳಗಿನಿಂದಲೂ ಆ ಎದೆ, ರಾಗವಾಗಿ ಓದಿದ ಷಟ್ಪದಿಯಂತೆ, ಒಂದೇ ಸಮನೆ ತಣ್ಣಗೆ ಬಡಿಯುತ್ತಿತ್ತು.

“ಬರಾಕಿಲ್ಲ ಕಣೇ, ಎದ್ದೋಗು!”