ಗೆರೆ ಮುಟ್ಟಿದ ಕೈ

ನೋವಿನೆಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಜೆಬೆಲ್ ಅಲಿ ಮೈದಾನದ ಆ ಶುಕ್ರವಾರದ ಮಧ್ಯಾಹ್ನ ನೆನಪಾಗುತ್ತದೆ.

ಉಡುಪಿಯಲ್ಲಿ ಕಬಡ್ಡಿ ಆಡಿ ಬೆಳೆದ ಅಪ್ಪ ದುಬೈಯಲ್ಲಿ ಒಂದು ಸಣ್ಣ ರಗ್ಬಿ ಲೀಗ್ ತಂಡ ಸೇರಿದ್ದರು. ಸೀಸನ್ ಪೂರ್ತಿ ಬೆಂಚಿನಲ್ಲೇ ಕೂರಿಸಿದ ಕೋಚ್, ಕೊನೆಯ ಪಂದ್ಯ ಮುಗಿಯುವ ಹೊತ್ತಿಗೆ ಅವರನ್ನು ಮೈದಾನಕ್ಕೆ ಇಳಿಸಿದರು.

ಚೆಂಡು ಸಿಕ್ಕಿದ್ದೇ ಅಪ್ಪ ಇಬ್ಬರಿಂದ ನುಣುಚಿಕೊಂಡು ಎದುರಾಳಿಗಳ ಗೆರೆಯ ಮೇಲೆ ಹಾರಿ ಬಿದ್ದರು. ಅಂಕ ಬೇಕಿದ್ದರೆ ಚೆಂಡನ್ನು ಅಲ್ಲಿ ನೆಲಕ್ಕೆ ಒತ್ತಬೇಕಿತ್ತು. ಅವರು ಬರಿಗೈ ಚಾಚಿ ಗೆರೆ ಮುಟ್ಟಿದರು. ಚೆಂಡು ಜಾರಿ ಉರುಳಿತು. ಅಂಕ ಸಿಗಲಿಲ್ಲ, ತಂಡ ಸೋತಿತು.

ಕಾರಿನ ಬಳಿ ಅವರ ಭುಜಕ್ಕೆ ಎಣ್ಣೆ ತಿಕ್ಕುತ್ತಾ ಅಮ್ಮ, "ಅದು ಕಬಡ್ಡಿ ಅಲ್ಲ ಮಾರಾಯ್ರೆ," ಎಂದಳು.

"ನನಗೆ ಗೊತ್ತುಂಟು. ಈ ಕೈಗೆ ಗೊತ್ತಿಲ್ಲ," ಎಂದರು ಅಪ್ಪ.

ಮನೆ ತಲುಪಿದರೂ ಅವರು ಎಂಜಿನ್ ಆರಿಸಲಿಲ್ಲ, ಸ್ಟಿಯರಿಂಗ್ ಹಿಡಿದೇ ಕೂತರು. ನಾವೂ ಇಳಿಯಲಿಲ್ಲ.