ಒಣಗುವ ಬಂದರು

"ಗಾಳಿ ಜೋರಾಗುತ್ತಿದೆ ಮಗಳೇ, ನನ್ನ ಹೆಂಡತಿಗೆ ಬೇರೆ ವಾಂತಿ ಶುರುವಾಗಿದೆ. ಹತ್ತಿರದಲ್ಲಿ ಎಲ್ಲಾದರೂ ಆಸರೆ ಇದೆಯಾ, ಬೇಗ ಹೇಳು" ಎಂದು ಇಂಗ್ಲೆಂಡಿನ ಪಡುವಣ ಕಡಲಿನಿಂದ ಮುದುಕನೊಬ್ಬ ಫೋನು ಮಾಡಿ ಇಂಗ್ಲಿಷಿನಲ್ಲಿ ಕೂಗಿದಾಗ, ಬೇತಮಂಗಲದ ಪಕ್ಕದ ಹಳ್ಳಿಯ ಜಗುಲಿಯಲ್ಲಿ ನವ್ಯ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಎಳೆದುಕೊಂಡಳು. ಹಾಯಿದೋಣಿಯಲ್ಲಿ ದೇಶ ಸುತ್ತುವವರಿಗೆ ತಂಗಲು ಬಂದರು ಹುಡುಕಿಕೊಡುವ ಕಂಪನಿಯಲ್ಲಿ ಅವಳಿಗೆ ನೌಕರಿ. ಆಫೀಸು ರಾಬರ್ಟ್‌ಸನ್‌ಪೇಟೆಯಲ್ಲಿ, ಚಪ್ಪಲಿ ಅಂಗಡಿಯ ಮಹಡಿಯ ಮೇಲೆ. ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ. ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ. ಸಮುದ್ರವನ್ನಂತೂ ಅವಳು ಕಣ್ಣಾರೆ ಕಂಡವಳೇ ಅಲ್ಲ.

ನಕ್ಷೆಯಲ್ಲಿ ಗುಡ್ಡದ ಮರೆಗೆ ಒಂದು ಪುಟ್ಟ ಬಂದರು ಸಿಕ್ಕಿತು. ಸುತ್ತ ಕಲ್ಲಿನ ಗೋಡೆ, ಫೋಟೋದಲ್ಲಿ ತುಳುಕುವಷ್ಟು ನೀರು. ಕೆಳಗೊಂದು ಸಾಲು: ಈ ಬಂದರು ಒಣಗುತ್ತದೆ. ನವ್ಯ ಅದನ್ನು ಓದದೆ ಬಿಡಲಿಲ್ಲ. ಓದಿದಳು, ಯೋಚನೆಯನ್ನೂ ಮಾಡಿದಳು. ಒಣಗದ ನೀರು ಯಾವ ಸೀಮೆಯಲ್ಲಿದೆ? ಶಿವರಾತ್ರಿ ಕಳೆದರೆ ತಮ್ಮೂರ ಕೆರೆಯೂ ಒಣಗುತ್ತದೆ; ಊರೆಲ್ಲ ಪೂಜೆ ಮಾಡಿ ಮಳೆಯನ್ನು ಕರೆದರೂ ಕೆಲವೊಮ್ಮೆ ವರ್ಷಗಟ್ಟಲೆ ತುಂಬುವುದಿಲ್ಲ. ಈಗ ಸೆಪ್ಟೆಂಬರ್, ಅಲ್ಲೋ ಎಡೆಬಿಡದ ಮಳೆ.

"ಧೈರ್ಯವಾಗಿ ಹೋಗಿ ಸರ್, ತುಂಬಿದೆ" ಎಂದಳು.

ಪಕ್ಕದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಅಜ್ಜಿ ಚಿಕ್ಕವೆಂಕಟಮ್ಮ ತಲೆಯೆತ್ತಿದಳು. "ಯಾರೇ ಅದು, ಅಂಗ್ ಅರಚ್ಕಂತಾವ್ನೆ?"

"ದೋಣಿ ನಿಲ್ಸಕ್ಕೆ ಜಾಗ ಕೇಳ್ತಾವ್ರೆ ಅಜ್ಜಿ."

"ಅಷ್ಟ್ ದೊಡ್ಡ ಸಮುದ್ರದಾಗೆ ಒಂದ್ ದೋಣಿಗೆ ಜಾಗ ಇಲ್ವಾ? ಬಂಗಾರಪೇಟೆ ಸ್ಟೇಷನ್ ತಾವ ಸ್ಕೂಟ್ರು ನಿಲ್ಸಕ್ ಪರದಾಡ್ದಂಗಾಯ್ತು ಬುಡು."

ನವ್ಯ ನಕ್ಕಳು. ಆ ನಗು ಆರುವಷ್ಟರಲ್ಲಿ ಆಫೀಸಿನಿಂದ ಜೊತೆ ಕೆಲಸದ ಶ್ವೇತಳ ಫೋನು ಬಂತು. "ಏಯ್ ನವ್ಯ, ಆ ವಯಸ್ಸಾದವರನ್ನ ಎಲ್ಲಿಗೆ ಕಳಿಸ್ದೆ? ಅದು ಒಣಗೋ ಬಂದರು ಕಣೇ!"

"ಬೇಸಿಗೇಲಿ ತಾನೇ?"

"ಬೇಸಿಗೇಲಲ್ಲ ತಾಯಿ, ದಿನಾ! ಸಮುದ್ರದ ಇಳಿತ ಶುರುವಾದ್ರೆ ನೀರೆಲ್ಲ ಹಿಂದಕ್ಕೆ ಹೋಗಿ ಅಲ್ಲಿ ಬರೀ ಕೆಸರು. ಅವರ ದೋಣಿ ತಳ ಚೂಪು, ನೆಟ್ಟಗೆ ನಿಲ್ಲಲ್ಲ. ಮಗ್ಗುಲಾಗಿ ಬಿತ್ತು ಅಂದ್ರೆ, ಆಮೇಲೆ ನೀರು ಏರುವಾಗ ಅದು ಏಳೋಕೆ ಮುಂಚೆನೇ ಒಳಗೆ ನುಗ್ಗುತ್ತೆ. ಫೋನ್ ಮಾಡು, ಮೊದಲು ಫೋನ್ ಮಾಡು!"

ಮುದುಕನ ಫೋನು ಹೋಗಲಿಲ್ಲ. ಬಂದರಿನ ನಂಬರು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಕೆಸರಿನಲ್ಲಿ ಮಗ್ಗುಲಾಗಿ ಬಿದ್ದ ದೋಣಿ, ಒಳಗೆ ವಾಂತಿ ಮಾಡಿ ಸುಸ್ತಾದ ಹೆಂಗಸು, ಬಾಗಿಲವರೆಗೆ ಬಂದ ನೀರು: ಕಾಣದ್ದೆಲ್ಲ ನವ್ಯಳ ಕಣ್ಣಿಗೆ ಕಟ್ಟಿತು. ನಕ್ಷೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಗೋಡೆಯ ಪಕ್ಕ ಒಂದು ಮೀನಿನಂಗಡಿ ಇತ್ತು. ಅದರ ನಂಬರು ಒತ್ತಿದಳು. ಫೋನೆತ್ತಿದ್ದು ಹೆಂಗಸಿನ ದನಿ. ಮೇಡಂ ಅನ್ನಬೇಕಾದ ಬಾಯಿಂದ ನವ್ಯಳಿಗೆ ಅಮ್ಮಾ ಎಂದೇ ಬಂತು.

"ಬಿಳಿ ಹಾಯಿದೋಣಿಯೊಂದು ನಿಮ್ಮಲ್ಲಿಗೆ ಬರುತ್ತಿದೆ. ಇಬ್ಬರು ವಯಸ್ಸಾದವರಿದ್ದಾರೆ. ತಳ ಚೂಪು, ನಿಲ್ಲುವುದಿಲ್ಲ. ಕಳಿಸಿದ್ದು ನಾನು, ತಪ್ಪು ನನ್ನದು. ಯಾರಾದರೂ ಅದನ್ನು ಗೋಡೆಗೆ ಒರಗಿಸಿ ಕಟ್ಟುತ್ತಾರಾ?"

"ನೀನು ಎಲ್ಲಿಂದ ಮಾತಾಡೋದು?"

"ಕೋಲಾರದಿಂದ."

"ಅದ್ಯಾವ ಬಂದರು?" ಎಂದವಳು ಉತ್ತರಕ್ಕೆ ಕಾಯಲಿಲ್ಲ. ಫೋನನ್ನು ಎಲ್ಲೋ ಕುಕ್ಕಿದ ಸದ್ದು, ಯಾರದೋ ಹೆಸರು ಹಿಡಿದು ಕೂಗಿದ ಸದ್ದು, ಬೂಟುಕಾಲುಗಳು ಓಡಿದ ಸದ್ದು. ಆಮೇಲೆ ಹಕ್ಕಿಗಳ ಕಿರುಚಾಟ, ಅದರ ಹಿಂದೆ ಒಂದೇ ಸಮನೆ ಏನೋ ಮೊರೆತ. ಅದು ಸಮುದ್ರವೋ ಮೀನಿನಂಗಡಿಯ ಐಸ್ ಪೆಟ್ಟಿಗೆಯೋ ನವ್ಯಳಿಗೆ ಗೊತ್ತಾಗಲಿಲ್ಲ. ಲೈನು ಕಡಿದುಹೋಗುವ ತನಕ ಕೇಳುತ್ತಲೇ ಕೂತಳು.

ಅಜ್ಜಿ ಹಸು ಕರೆದು, ಡೇರಿಗೆ ಹಾಲು ಹಾಕಿ ಬಂದಳು. "ತಿಂಡೀನೂ ಮುಟ್ಟಿಲ್ವಲ್ಲೇ, ಏನಾತು?" ಎಂದರೆ ನವ್ಯ ತಲೆಯಾಡಿಸಿದಳು. ದೀಪ ಹಚ್ಚುವ ಹೊತ್ತಿಗೆ ಪರದೆಯ ಮೇಲೆ ಮುದುಕನ ಕೆಂಪು ಮುಖ ಮೂಡಿತು.

"ಮಗಳೇ, ನೀನು ತೋರಿಸಿದ ಬಂದರಿನಲ್ಲಿ ನೀರೇ ಇಲ್ಲವಲ್ಲ!"

"ಸರ್, ನಾನು..."

"ಹೆದರಬೇಡ. ಮೀನಿನಂಗಡಿಯಾಕೆ ಗಂಡಸರನ್ನೆಲ್ಲ ನಮ್ಮ ನೆರವಿಗೆ ಅಟ್ಟಿಬಿಟ್ಟಳು. ಬೈಗುಳ ನಿನಗೂ ಸಿಕ್ಕಿತು, ನನಗೂ ಸಿಕ್ಕಿತು. ನೋಡಿಕೊಂಡು ಬರಬೇಕಾದವನು ನಾನು." ಅವನು ಫೋನನ್ನು ತಿರುಗಿಸಿದ. ಗೋಡೆಗೆ ಬೆನ್ನು ಕೊಟ್ಟು, ಹಗ್ಗ ಬಿಗಿಸಿಕೊಂಡು ದೋಣಿ ನೆಟ್ಟಗೆ ನಿಂತಿತ್ತು. ಮೇಲೆ ಕಂಬಳಿ ಹೊದ್ದ ಮುದುಕಿ ಚಹಾ ಕುಡಿಯುತ್ತಿದ್ದಳು. ಸುತ್ತ ಕಣ್ಣು ಹಾಯುವಷ್ಟು ದೂರ ಕೆಸರು. "ರಾತ್ರಿ ಊಟದ ಹೊತ್ತಿಗೆ ತೇಲುತ್ತೇವೆ" ಎಂದ.

ನವ್ಯ ಕಣ್ಣೊರೆಸಿಕೊಂಡಳು. ಅಜ್ಜಿ ಸೆರಗಿಗೆ ಕೈ ಒರೆಸಿ ಪರದೆಯತ್ತ ಬಗ್ಗಿದಳು. "ಅಯ್ಯೋ ನಮ್ಮಪ್ಪ, ಪೂರಾ ಬತ್ತೋಗದಲ್ಲೇ! ಪಾಪ, ಇನ್ನೆಷ್ಟ್ ವರ್ಸ ಅಂಗೇ ಕುಂತಿರ್ಬೇಕು?"

"ಇಲ್ಲ ಅಜ್ಜಿ. ರಾತ್ರಿಗೆ ವಾಪಸ್ ಬತ್ತದಂತೆ."

"ಏನು?"

"ನೀರು. ದಿನಾ ಓಗಿ ದಿನಾ ಬತ್ತದಂತೆ."

ಚಿಕ್ಕವೆಂಕಟಮ್ಮ ಇನ್ನಷ್ಟು ಬಗ್ಗಿ ಆ ಕೆಸರನ್ನೇ ನೋಡಿದಳು. ಆಮೇಲೆ, ದೂರದ ಮುದುಕನಿಗೆ ಕೇಳಿಸೀತೇನೋ ಎಂಬಂತೆ ದನಿ ತಗ್ಗಿಸಿದಳು.

"ಯಾರೂ ಕರೀದೇನೇ?"